ಅಳಿಸುವ ಮುಂಚೆ ಹದಿನೇಳು ಪ್ರಶ್ನೆ

ಗಂಡನ ಶವಸಂಸ್ಕಾರ ಮುಗಿದ ಮೇಲಿನ ಮೊದಲ ಮಾಮೂಲು ಬೆಳಗ್ಗೆ, ಎಂಟೂ ಕಾಲಿಗೆ ಫೋನು ಬಂತು. ಸಂತಾಪ ಹೇಳುವವರು ಅಷ್ಟು ಬೇಗ ಮಾಡುವುದಿಲ್ಲ. ಕೆಲಸ ಇರುವವರು ಮಾಡುತ್ತಾರೆ.

"ಅಮ್ಮಾ, ಪರೀಕ್ಷಾ ಕಚೇರಿಯಿಂದ," ಎಂದರು ಗಂಡನ ಸಾಹೇಬರು. "ಧೈರ್ಯ ತಗೋಬೇಕು. ಏನ್ ಮಾಡೋಕಾಗುತ್ತೆ. ಅಂದ ಹಾಗೆ, ಇಲ್ಲಿ ಡಿಸ್ಕ್ ತುಂಬಿಹೋಗಿದೆ."

"ಏನು ಸಾರ್?"

"ಡಿಸ್ಕು. ಕಂಪ್ಯೂಟರಿನ ಹೊಟ್ಟೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ತುಂಬಿದೆ. ನಾಳೆ ಫಲಿತಾಂಶ ಹಾಕಬೇಕು, ಸಾಸಿವೆ ಇಡೋಕೂ ಜಾಗ ಇಲ್ಲ. ಏನಾದ್ರೂ ಡಿಲೀಟ್ ಮಾಡೋಣ ಅಂದ್ರೆ ನಿಮ್ಮ ಯಜಮಾನ್ರ ಕಮಾಂಡು ನಮಗೇ ಪರೀಕ್ಷೆ ಇಡುತ್ತೆ. ಹದಿನೇಳು ಪ್ರಶ್ನೆ. ನಿನ್ನೆ ಹೇಗೋ ಪಾಸಾದೆ, ಇವತ್ತು ಹದಿಮೂರನೇದ್ರಲ್ಲಿ ಫೇಲಾದೆ."

ಗಂಡ ಹೆಂಡತಿ ಇಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ಒಂದೇ ವಿಷಯ, ಕಂಪ್ಯೂಟರ್ ವಿಜ್ಞಾನ, ಓದಿದವರು. ಅವಳಿಗೆ ಅವನಿಗಿಂತ ನಾಲ್ಕು ಅಂಕ ಹೆಚ್ಚು ಬಂದಿತ್ತು. ಆದ್ದರಿಂದ ಅವನು ಕೆಲಸಕ್ಕೆ ಸೇರಿದ, ಅವಳು ಮನೆ ನೋಡಿಕೊಂಡಳು.

"ಅವರ ಜಾಗಕ್ಕೆ ನಿಮ್ಮನ್ನ ತಗೊಳ್ಳೋಕೆ ಮೇಲಿನ ಕಚೇರಿಯಿಂದ ಆದೇಶ ಬಂದಿದೆ," ಎಂದರು ಸಾಹೇಬರು. "ಯಂತ್ರ ನಿಂತ್ರೆ ಮೇಲಿನವರ ಮಾನ ಹೋಗುತ್ತಲ್ಲ, ಅದಕ್ಕೆ ಇಷ್ಟು ಬೇಗ. ಇವತ್ತು ಐದು ಗಂಟೆ ಒಳಗೆ ಡಿಸ್ಕಲ್ಲಿ ಜಾಗ ಮಾಡಿಕೊಡಿ, ರುಜು ಹಾಕಿ ಕೈಗೆ ಕೊಡ್ತೀನಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡಬೇಕಾಗುತ್ತೆ. ಧೈರ್ಯ ತಗೊಳ್ಳಿ."

ಅವಳು ಇದ್ದ ಮನೆ ಕಚೇರಿಯದು. ಕೆಲಸದಲ್ಲಿ ಇರುವವರಿಗೆ ಮಾತ್ರ ಮನೆ. ಸತ್ತವರು ಕೆಲಸದಲ್ಲಿ ಇರುವುದಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡಬೇಕೆಂಬ ನೋಟೀಸು ಹೂಮಾಲೆಗಿಂತ ಮುಂಚೆ ಬಂದಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಕಚೇರಿಯ ಕೊನೆಯ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಯುನಿಕ್ಸ್ ಎಂಬ ವ್ಯವಸ್ಥೆಯ ಹಳೆಯ ಕಂಪ್ಯೂಟರ್ ಯಂತ್ರ. ಎಲ್ಲರ ಫೈಲುಗಳೂ ಅದರೊಳಗೇ. ಅದರ ಮುಂದೆ ಗಂಡನ ಕುರ್ಚಿ. ಕುರ್ಚಿಯ ಸುತ್ತ ಮೂವರು, ಹೆರಿಗೆ ಕೋಣೆಯ ಹೊರಗೆ ಕಾಯುವ ನೆಂಟರಂತೆ ನಿಂತಿದ್ದರು: ಟೈಪಿಸ್ಟ್ ಅಕ್ಕ, ಸ್ಟೋರ್‌ಕೀಪರ್, ಮತ್ತು ಎಲ್ಲರೂ ಕವಿಗಳೆಂದು ಕರೆಯುವ ಗುಮಾಸ್ತ.

"ಪಾಸ್‌ವರ್ಡು ನಿನ್ನ ಹೆಸರೇ ಇರುತ್ತೆ ತಂಗಿ," ಎಂದರು ಟೈಪಿಸ್ಟ್ ಅಕ್ಕ. "ಗಂಡಸರು ಅದೊಂದ್ರಲ್ಲಿ ಒಳ್ಳೆಯವರು."

ಅವಳ ಹೆಸರಾಗಿರಲಿಲ್ಲ. ಮದುವೆಯ ದಿನವೂ ಆಗಿರಲಿಲ್ಲ. ಕೊನೆಗೆ ಸ್ಟೋರ್‌ಕೀಪರ್ ಕೀಬೋರ್ಡನ್ನು ಮಗುಚಿದರು. ಅಡಿಯಲ್ಲಿ ಚೀಟಿ ಅಂಟಿತ್ತು. ಪಾಸ್‌ವರ್ಡು: ಯಂತ್ರದ ಸೀರಿಯಲ್ ನಂಬರು.

"ಅಯ್ಯೋ ಪಾಪ," ಎಂದು ಟೈಪಿಸ್ಟ್ ಅಕ್ಕ ಕಣ್ಣೊರೆಸಿಕೊಂಡರು. ಶವಸಂಸ್ಕಾರದ ದಿನ ಅವರು ಇಷ್ಟು ಮರುಗಿರಲಿಲ್ಲ.

ಯುನಿಕ್ಸ್‌ನಲ್ಲಿ ಫೈಲು ಅಳಿಸುವ ಕಮಾಂಡಿಗೆ ಎರಡೇ ಅಕ್ಷರ: ಆರ್, ಎಂ. ಅವೆರಡನ್ನು ಒತ್ತಿ ಫೈಲಿನ ಹೆಸರು ಕೊಟ್ಟರೆ ಸಾಕು. ಏನು, ಎತ್ತ, ಯಾಕೆ ಎಂದು ಕೇಳದೆ ಮುಗಿಸಿಬಿಡುತ್ತದೆ. ಗಂಡ ಒಂಬತ್ತು ವರ್ಷ ಕೂತು ಆ ಒರಟು ಕಮಾಂಡನ್ನು ತಿದ್ದಿ ತೀಡಿ ಸಂಸ್ಕಾರ ಕಲಿಸಿದ್ದ. ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಒಂದು ಟಿಪ್ಪಣಿ ಬರೆದಿದ್ದ. ಟಿಪ್ಪಣಿಗಳನ್ನು ಯಂತ್ರ ಓದುವುದಿಲ್ಲ. ಮುಂದೆ ಆ ಕುರ್ಚಿಗೆ ಬರುವವರು ಓದಲಿ ಎಂದು ಬರೆಯುವುದು.

ಅವಳು ಓದಿದಳು. ಬೆನ್ನ ಹಿಂದಿನಿಂದ ಮೂವರೂ ಓದಿದರು.

'ಮೊದಲ ವರ್ಷ. ಟೈಪಿಸ್ಟ್ ಅಕ್ಕ ಗಣಿತದ ಅಂಕಪಟ್ಟಿ ಅಳಿಸಿ, ಅತ್ತು, ತಪ್ಪು ಕೀಬೋರ್ಡಿನದು ಎಂದರು. ಇನ್ನು ಮುಂದೆ ಕಮಾಂಡು "ಖಂಡಿತವೇ?" ಎಂದು ಕೇಳುತ್ತದೆ.'

'ಮೂರು ತಿಂಗಳ ನಂತರ. ಸ್ಟೋರ್‌ಕೀಪರ್ ಪ್ರಶ್ನೆ ಓದದೆ "ಹೌದು" ಒತ್ತುತ್ತಾರೆ. ಪ್ರಶ್ನೆಯನ್ನು ತಿರುಗಿಸಿ "ಉಳಿಸಿಕೊಳ್ಳುವುದೇ?" ಎಂದು ಮಾಡಿದೆ. ಈಗಲೂ ಹೌದು ಒತ್ತುತ್ತಾರೆ. ಅಳಿಯಲಿಲ್ಲವೆಂದು ನನ್ನನ್ನು ಬೈಯುತ್ತಾರೆ. ಫೈಲು ಸುರಕ್ಷಿತ.'

'ಎರಡನೇ ವರ್ಷ. ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಒತ್ತಿದರೆ "ಎಲ್ಲವೂ" ಎಂದು ಅರ್ಥ. ಕವಿಗಳು ಒತ್ತಿದರು. ಎಲ್ಲವೂ ಹೋಯಿತು. ಯಾಕೆ ಒತ್ತಿದಿರಿ ಎಂದರೆ, ನೋಡಲು ಚೆನ್ನಾಗಿತ್ತು ಎಂದರು.'

'ನಾಲ್ಕನೇ ವರ್ಷ. ಸಾಹೇಬರು ಎಲ್ಲ ಫೈಲುಗಳಿಗೂ ಆಧಾರವಾದ ಬುಡವನ್ನೇ ಅಳಿಸಹೊರಟರು. ಬುಡವನ್ನು ಯಾರು ಹೇಳಿದರೂ ಅಳಿಸಬಾರದೆಂದು ಬರೆದೆ. ನಾನು ಹೇಳಿದರೂ ಅಳಿಸಲ್ವಾ ಎಂದರು. ನೀವು ಹೇಳಿದರಂತೂ ಇಲ್ಲವೇ ಇಲ್ಲ ಎಂದೆ, ಮನಸ್ಸಿನಲ್ಲಿ.'

ಒಂಬತ್ತು ವರ್ಷವೂ ಸಂಜೆ ಮನೆಗೆ ಬಂದು ಅವನು ಹೇಳುತ್ತಿದ್ದದ್ದು ಒಂದೇ ಮಾತು: ಇವತ್ತು ಅಂಥದ್ದೇನೂ ಆಗ್ಲಿಲ್ಲ. ಅವಳು ಪರದೆಯನ್ನು ಇನ್ನಷ್ಟು ಹತ್ತಿರದಿಂದ ನೋಡಿದಳು.

"ನಂದು ತೆಗಿ ತಂಗಿ," ಎಂದರು ಟೈಪಿಸ್ಟ್ ಅಕ್ಕ. "ಇವರಿಬ್ಬರದು ಇರ್ಲಿ, ಅದು ನಿಜ ತಾನೇ."

"ಸತ್ತವರ ಮೇಲೆ ನಾನೇನೂ ಹೇಳಲ್ಲ," ಎಂದರು ಸ್ಟೋರ್‌ಕೀಪರ್. "ಆದ್ರೆ ಬದುಕಿದ್ದಾಗ ಹೀಗೆಲ್ಲ ಬರೀಬಾರದಿತ್ತು. ತೆಗೀರಿ. ಹಾಗೇ ಆ ಕಮಾಂಡಿಗೆ ಮೂರು ಜನರ ಒಪ್ಪಿಗೆ ಕೇಳೋ ಹಾಗೆ ಮಾಡಿ. ಸ್ಟೋರಲ್ಲಿ ಒಂದು ಪೊರಕೆ ಬಿಸಾಕೋಕೂ ಮೂರು ರುಜು ಬೇಕು."

"ನಂದೊಂದು ಸಣ್ಣ ಸಲಹೆ," ಎಂದರು ಕವಿಗಳು. "'ಖಂಡಿತವೇ' ಅನ್ನೋದು ಒರಟು. 'ಅಗಲುವ ಮನಸ್ಸಾಯಿತೇ' ಅಂತ ಹಾಕಿ. ಓದಿದವನ ಕೈ ತಾನಾಗೇ ನಿಲ್ಲುತ್ತೆ."

ವಾದ ಮಾಡುವುದಕ್ಕಿಂತ ಮಾಡಿಬಿಡುವುದು ಸುಲಭವೆಂದು ಅವಳು ಮಾಡಿದಳು. ಸಂಜೆ ನಾಲ್ಕರ ಹೊತ್ತಿಗೆ ಟಿಪ್ಪಣಿಗಳು ಹೋಗಿದ್ದವು, ಪ್ರಶ್ನೆಗಳು ಹದಿನೇಳರಿಂದ ಇಪ್ಪತ್ತೆರಡಾಗಿದ್ದವು. ಯಂತ್ರ ಶಿಸ್ತಿನ ಪ್ರಾಣಿ. ಪ್ರತಿ ತಿದ್ದುಪಡಿಗೂ ಹಳೆಯದರ ನಕಲೊಂದನ್ನು ತೆಗೆದಿಟ್ಟುಕೊಂಡಿತು. ಉಳಿದಿದ್ದ ಒಂದು ಪಾಲೂ ತುಂಬಿತು. ಅವಳ ಮುಂದಿನದೊಂದು ಬಿಟ್ಟು ಇಡೀ ಕಚೇರಿಯ ಪರದೆಗಳು ಒಮ್ಮೆಗೇ, ಬೈಸಿಕೊಂಡ ಮಕ್ಕಳಂತೆ, ಸುಮ್ಮನಾದವು.

ಸಾಹೇಬರು ಓಡಿಬಂದರು. "ಏನಮ್ಮ ಇದು? ಜಾಗ ಮಾಡಿ ಅಂದ್ರೆ ಇದ್ದದ್ದನ್ನೂ ತುಂಬಿಸಿದ್ರಾ?"

"ಒಂದು ನಿಮಿಷ ಸಾರ್."

ಕಮಾಂಡಿನ ಕಟ್ಟಕಡೆಗೆ ಒಂದು ಟಿಪ್ಪಣಿ ಉಳಿದಿತ್ತು. ಅದರಲ್ಲಿ ಯಾರ ಹೆಸರೂ ಇಲ್ಲದ್ದರಿಂದ ಯಾರೂ ತೆಗೆಸಿರಲಿಲ್ಲ. 'ಐದನೇ ವರ್ಷ. ಎಷ್ಟು ಕೇಳಿದರೂ ಇವರು ಹೌದು ಅನ್ನುತ್ತಾರೆ, ಮರುದಿನ ಬಂದು ಬೇಕು ಅನ್ನುತ್ತಾರೆ. ಸಾಕಾಯಿತು. ಇಂದಿನಿಂದ ಕಮಾಂಡು ಏನನ್ನೂ ಅಳಿಸುವುದಿಲ್ಲ. ಅಳಿಸಿದೆನೆಂದು ಹೇಳಿ ಡಿಸ್ಕಿನಲ್ಲೇ ಒಂದು ಗುಟ್ಟಿನ ಒಳಕೋಣೆಗೆ ಸರಿಸುತ್ತದೆ.'

ಅವಳು ಒಳಕೋಣೆ ತೆರೆದಳು. ನಾಲ್ಕು ವರ್ಷದಿಂದ ಕಚೇರಿ ಅಳಿಸಿದ್ದೆಲ್ಲ ಅಲ್ಲಿತ್ತು, ಅಳಿಸಿದವರ ಹೆಸರಿನ ಸಮೇತ. ಪಟ್ಟಿ ಪರದೆಯ ಮೇಲೆ ಹರಿಯತೊಡಗಿತು. ಟೈಪಿಸ್ಟ್ ಅಕ್ಕನ ರಾಜೀನಾಮೆ ಪತ್ರಗಳು, ಹನ್ನೊಂದು. ಸಾಹೇಬರ ವಿರುದ್ಧ ಸ್ಟೋರ್‌ಕೀಪರ್ ಬರೆದ ಹೆಸರಿಲ್ಲದ ದೂರುಗಳು, ಮೂವತ್ತೊಂದು.

"ಹೆಸರಿಲ್ಲದ್ದು ಅಂತೀರಿ," ಎಂದರು ಸಾಹೇಬರು, "ನಿಮ್ಮ ಹೆಸರು ಪಕ್ಕದಲ್ಲೇ ಇದೆಯಲ್ರೀ."

"ಅದು ಅಳಿಸಿದವರ ಹೆಸರು ಸಾರ್. ಬರೆದವರು ಯಾರೋ. ನಾನು ನಿಮ್ಮ ಮೇಲಿನ ಅಭಿಮಾನಕ್ಕೆ ಅಳಿಸಿದೆ."

ಆಮೇಲೆ ಕವಿಗಳ ಸರದಿ. ನೂರಾರು ಪದ್ಯಗಳ ನಡುವೆ ಒಂದು ಫೈಲಿನ ಹೆಸರು ಅವಳ ಕಣ್ಣಿಗೆ ಬಿತ್ತು. ಅವಳ ಗಂಡನಿಗೆ ಶ್ರದ್ಧಾಂಜಲಿ. ದಿನಾಂಕ ಎರಡು ತಿಂಗಳ ಹಿಂದಿನದು.

"ಇದೇನು?" ಎಂದಳು.

ಕವಿಗಳು ಕನ್ನಡಕ ಒರೆಸಿದರು. "ಮೊದಲನೇ ಸಲ ಆಸ್ಪತ್ರೆಗೆ ಸೇರಿದ್ರಲ್ಲ, ಆಗ. ಇರ್ಲಿ ಅಂತ ಬರೆದಿಟ್ಟಿದ್ದೆ. ಅವರು ವಾಸಿಯಾಗಿ ಬಂದ್ರು. ಅದಕ್ಕೇ ಅಳಿಸಿದೆ."

"ಮೊನ್ನೆ ಶವಸಂಸ್ಕಾರದಲ್ಲಿ ನೀವು ಓದಿದ್ದು ಇದೇನಾ?"

"ಇಲ್ಲಮ್ಮ, ಅದು ಅವಸರದಲ್ಲಿ ಬರೆದದ್ದು. ಇದು ಇನ್ನೂ ಚೆನ್ನಾಗಿತ್ತು."

ಅವಳು ಕವಿಗಳ ಮುಖ ನೋಡಿದಳು. ಅವರು ನಿಜವಾಗಿಯೂ ನೊಂದಿದ್ದರು, ಒಳ್ಳೆಯ ಪದ್ಯವೊಂದು ಬಳಕೆಯಾಗದೆ ಹೋದದ್ದಕ್ಕೆ. ಅವಳು ಪಟ್ಟಿಯನ್ನು ಮುಂದಕ್ಕೆ ಸರಿಸಿದಳು.

ಸಾಹೇಬರ ಹೆಸರು ಬರುತ್ತಿದ್ದಂತೆ ಅವರು ಪರದೆಗೆ ಅಂಗೈ ಅಡ್ಡ ಹಿಡಿದರು. "ಸಾಕು. ಯಾರೂ ಏನೂ ನೋಡೋದು ಬೇಡ. ಅಳಿಸಿಬಿಡಿ, ಪೂರ್ತಿ."

"ಒಂದ್ಸಲ ಪಟ್ಟಿ ನೋಡಿ ಅಳಿಸಿದ್ರೆ ಒಳ್ಳೇದಲ್ವಾ ಸಾರ್?"

"ನೋಡೋದು ಬೇಡ ಅಂತಾನೇ ಅಳಿಸಿ ಅಂತಿರೋದು. ನಾಲ್ಕೂ ಮುಕ್ಕಾಲಾಯ್ತು. ಕೆಲಸ ಬೇಕೋ ಬೇಡ್ವೋ?"

"ಅಳಿಸಿಬಿಡು ತಂಗಿ," ಎಂದರು ಟೈಪಿಸ್ಟ್ ಅಕ್ಕ. "ಒಂದೇ ಏಟಿಗೆ," ಎಂದರು ಸ್ಟೋರ್‌ಕೀಪರ್. ಒಂಬತ್ತು ವರ್ಷದಲ್ಲಿ ಕಚೇರಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದಿತ್ತು.

ಅವಳು ಯಂತ್ರ ನಕಲು ತೆಗೆಯುವುದನ್ನು ನಿಲ್ಲಿಸಿ, ಇಪ್ಪತ್ತೆರಡು ಪ್ರಶ್ನೆಗಳನ್ನೂ ಒಂದೊಂದಾಗಿ ತೆಗೆದಳು. ಕೊನೆಯ ಟಿಪ್ಪಣಿಯನ್ನೂ ತೆಗೆದಳು. ಗಂಡ ಸೇರುವ ಮುಂಚೆ ಇದ್ದಂತೆ ಎರಡೇ ಅಕ್ಷರದ ಕಮಾಂಡು ಉಳಿಯಿತು. ಅದನ್ನು ಒತ್ತಿ, ಒಳಕೋಣೆಯ ಹೆಸರು ಬರೆದು, ಕೈ ತೆಗೆದಳು.

ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ನಿಂತಿತು.

"ಆಯ್ತಾ?" ಎಂದರು ಸಾಹೇಬರು.

"ಆಯ್ತು."

"ಏನೂ ಹೇಳ್ಲೇ ಇಲ್ವಲ್ಲ?"

"ಆದ್ರೆ ಏನೂ ಹೇಳಲ್ಲ ಸಾರ್. ಆಗ್ದಿದ್ರೆ ಮಾತ್ರ ಹೇಳುತ್ತೆ."

ಡಿಸ್ಕ್ ಅರ್ಧಕ್ಕರ್ಧ ಖಾಲಿಯಾಗಿತ್ತು. ಮೂವರೂ ಹಲ್ಲು ಕೀಳಿಸಿಕೊಂಡು ಬಂದವರಂತೆ ಹಗುರಾಗಿ ತಂತಮ್ಮ ಮೇಜಿಗೆ ಹೋದರು. ಐದಕ್ಕೆ ಎರಡು ನಿಮಿಷ ಇರುವಾಗ ಅವಳು ಸಾಹೇಬರ ಕೋಣೆಗೆ ಹೋದಳು. ಅವರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

"ಭೇಷ್. ಎಲ್ಲಿ, ಆ ಆದೇಶ ಪ್ರಿಂಟ್ ತಗೊಂಡು ಬನ್ನಿ, ರುಜು ಹಾಕ್ತೀನಿ."

"ಎಲ್ಲಿದೆ ಸಾರ್?"

"ನಿನ್ನೆ ನನ್ನ ಫೈಲುಗಳ ಜೊತೆ ಬಂದಿತ್ತು. ಓದಿದೆ, ಡಿಲೀಟ್ ಮಾಡಿದೆ. ಓದಿದ್ದನ್ನ ಡಿಲೀಟ್ ಮಾಡೋದು ನನ್ನ ಅಭ್ಯಾಸ. ಬೇಕು ಅಂದಾಗ ನಿಮ್ಮ ಯಜಮಾನ್ರು ಎಲ್ಲಿಂದಲೋ ತಂದುಕೊಡ್ತಿದ್ರು. ಎಲ್ಲಿಂದ ಅಂತ ನಾಲ್ಕು ವರ್ಷ ನಾನು ಕೇಳ್ಲೇ ಇಲ್ಲ, ಇವತ್ತು ಗೊತ್ತಾಯ್ತು. ಹೋಗಿ, ಆ ಒಳಕೋಣೆಯಿಂದ ತಗೊಂಡು ಬನ್ನಿ."

ಅವಳು ಖಾಲಿ ಕೈಗಳನ್ನು ತೋರಿಸಿದಳು. ಸಾಹೇಬರ ತಲೆಗೆ ವಿಷಯ ನಿಧಾನವಾಗಿ ಇಳಿಯಿತು.

"ಪೂರ್ತಿನಾ?" ಎಂದರು.

"ಪೂರ್ತಿ."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಅಳಿಸೋ ಮುಂಚೆ ಒಂದು ಮಾತು ಕೇಳಬಾರದಿತ್ತೇನಮ್ಮ?"

"ಇನ್ನೊಂದು ಪ್ರತಿ ಕಳಿಸಿ ಅಂತ ಬರೆದ್ರೆ?"

"ಬರೀಬಹುದು. ಆದ್ರೆ ಯಂತ್ರ ಸರಿಹೋಯ್ತಲ್ಲ, ಇನ್ನು ಅವರಿಗೇನು ಅವಸರ? ಹೊಸದಾಗಿ ಅರ್ಜಿ ಹಾಕಿ. ಅರ್ಜಿ ಜೊತೆ ಹಳೇ ಆದೇಶದ ನಕಲು ಲಗತ್ತಿಸಬೇಕು, ಮರೀಬೇಡಿ." ಅವರು ಎದ್ದು ಕೊಡೆ ತೆಗೆದುಕೊಂಡರು. "ಧೈರ್ಯ ತಗೊಳ್ಳಿ."

ಬಾಗಿಲಾಚೆ ಸ್ಟೋರ್‌ಕೀಪರ್ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡ ಮುಖ.

"ತಪ್ಪು ತಿಳ್ಕೋಬೇಡಿಮ್ಮ," ಎಂದರು. "ಆ ಕುರ್ಚಿ ಮೇಲಿರೋ ದಿಂಬು ನಂದು. ಬೆನ್ನು ನೋವು, ಒಂದು ವಾರಕ್ಕೆ ಅಂತ ನಿಮ್ಮ ಯಜಮಾನ್ರು ಇಸ್ಕೊಂಡಿದ್ರು. ಮೂರು ವರ್ಷ ಆಯ್ತು. ನೀವು ಕೆಲಸಕ್ಕೆ ಸೇರೋ ಹಾಗಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ."

ಅವಳು ಯಂತ್ರದ ಕೋಣೆಗೆ ಹಿಂದಿರುಗಿದಳು. ಬೆಳಗ್ಗೆಯಿಂದ ಅದರ ಮೇಲೆಯೇ ಕೂತಿದ್ದರೂ ದಿಂಬನ್ನು ಈಗ ನೋಡಿದಳು. ನೀಲಿ ಬಟ್ಟೆ, ಒಂದು ಮೂಲೆ ಹರಿದು ಕಪ್ಪು ದಾರದಲ್ಲಿ ಹೊಲಿದದ್ದು. ಹೊಲಿಗೆ ಅವನದು, ಅಷ್ಟು ಕೆಟ್ಟದಾಗಿ ಬೇರೆ ಯಾರೂ ಹೊಲಿಯುವುದಿಲ್ಲ. ನಡುವೆ ಆಳವಾದ ಕುಳಿ ಬಿದ್ದಿತ್ತು. ಎರಡೂ ಕೈಯಲ್ಲಿ ಎತ್ತಿ ತಂದು ಕೊಟ್ಟಳು.

ಸ್ಟೋರ್‌ಕೀಪರ್ ಅದನ್ನು ತಿರುವಿ ತಿರುವಿ ನೋಡಿ, ಮೇಜಿನ ಮೇಲಿಟ್ಟು, ಕುಳಿ ಹೋಗುವವರೆಗೂ ಗುದ್ದಿದರು.