ಹೊಗೆಯಣ್ಣನ ಹುರಿದ ದಿಂಡು

ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: "ಬೇಕರಿಯ ಹೊಗೆ ಇಂದು ನಿಲ್ಲದಿದ್ದರೆ, ನಾಳೆಯಿಂದ ಬೇಕರಿಯೇ ನಿಲ್ಲತಕ್ಕದ್ದು." ಕೆಳಗೆ ಬೀದಿಯವರ ಮೂವತ್ತೊಂದು ಸಹಿ. ಮೊದಲನೆಯದು ಎದುರಂಗಡಿಯ ವಾಚ್ ರಿಪೇರಿ ಯಜಮಾನರದು. ಕೊನೆಯದು, ಕಣ್ಣುಜ್ಜಿಕೊಂಡು ನೋಡಿದರೂ, ಬೇಕರಿಯವನ ಹೆಂಡತಿಯದೇ.

"ನಂಗೂ ಕೆಮ್ಮು ಬರಲ್ವೇನ್ರೀ," ಎಂದಳು ಅವಳು, ಹಿಟ್ಟು ನಾದುವುದನ್ನು ನಿಲ್ಲಿಸದೆ.

ಹದಿನೆಂಟು ವರ್ಷದಿಂದ ಅವನ ಒಲೆ ಉರಿಯುತ್ತಿದ್ದದ್ದು ಕಾಳು ಬಿಡಿಸಿ ಎಸೆದ ಮೆಕ್ಕೆಜೋಳದ ದಿಂಡಿನಿಂದ. ಹಸಿ ದಿಂಡು ಉರಿಯುವ ಮೊದಲು ತನ್ನ ಕಷ್ಟಸುಖವನ್ನೆಲ್ಲ ಹೊಗೆಯಾಗಿ ತೋಡಿಕೊಳ್ಳುತ್ತದೆ. ಹಾಗಾಗಿ ಬೀದಿಗೆ ಅವನು ಹೊಗೆಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇಕರಿಯ ಬೋರ್ಡಿನಲ್ಲಿತ್ತು, ಅದೂ ಮಸಿ ಹಿಡಿದು ಕಾಣುತ್ತಿರಲಿಲ್ಲ.

ಉಪಾಯ ಹೇಳಿದವನು ಭಾವಮೈದ. "ದಿಂಡನ್ನ ಡ್ರಮ್ಮಿಗೆ ತುಂಬಿ, ಗಾಳಿಯಾಡದ ಹಾಗೆ ಮುಚ್ಚಿ ಹುರೀರಿ ಭಾವ. ಸುಡಬಾರ್ದು, ಹುರೀಬೇಕು. ಕಾಫಿಬೀಜದ ಬಣ್ಣ ಬಂದ್ಮೇಲೆ ಒಲೆಗೆ ಹಾಕಿ. ಅಷ್ಟೊತ್ತಿಗೆ ಅದರ ಹೊಟ್ಟೇಲಿರೋ ಹೊಗೆಯೆಲ್ಲ ಖಾಲಿಯಾಗಿರುತ್ತೆ."

ಹೊಗೆಯಣ್ಣ ಬೆಳಿಗ್ಗೆಯೇ ಹಿತ್ತಲಲ್ಲಿ ಡ್ರಮ್ಮು ಹೂಡಿದ. ಹನ್ನೊಂದಕ್ಕೆ ಮುಚ್ಚಳ ತೆಗೆದು, ಹುರಿದ ದಿಂಡನ್ನು ಆರಲೆಂದು ನೆಲಕ್ಕೆ ಹರವಿ ಒಳಗೆ ಹೋದ. ಬಾಯಿ ತೆರೆದ ಡ್ರಮ್ಮು ಕೊನೆಯದೊಂದು ದೊಡ್ಡ ಹೊಗೆಯುಸಿರು ಬಿಟ್ಟಿತು. ಪಕ್ಕದ ಮನೆಯ ಟೈಲರಕ್ಕ ಅದನ್ನು ಗೋಡೆಯ ಮೇಲಿಂದ ಕಂಡು, ಬೆಂಕಿ ಬಿದ್ದಿದೆ ಅಂದುಕೊಂಡಳು. ಅವಳು ಕೂಗಾಡುವ ಪೈಕಿಯಲ್ಲ, ಕೆಲಸ ಮಾಡುವ ಪೈಕಿ. ಹುರಿದ ರಾಶಿಗೆ ಆರು ಬಕೆಟ್ಟು ನೀರು ಸುರಿದು, ಮುಂಜಾಗ್ರತೆಗೆಂದು ಹಸಿ ದಿಂಡಿನ ಮೂಟೆಗೂ ಎರಡು ಬಕೆಟ್ಟು ಹೊಯ್ದಳು.

"ಬೇಕರಿ ಉಳಿಸಿದೀನಿ ಅಣ್ಣಾ," ಎಂದಳು ಏದುಸಿರು ಬಿಡುತ್ತ. "ಥ್ಯಾಂಕ್ಸು ನಿಧಾನಕ್ಕೆ ಹೇಳಿದ್ರೂ ನಡೆಯುತ್ತೆ."

ಹೊಗೆಯಣ್ಣ ತಲೆಯ ಮೇಲೆ ಕೈಹೊತ್ತು ಡ್ರಮ್ಮಿಗೊರಗಿದ. ಅದಿನ್ನೂ ಬಿಸಿಯಿದ್ದುದರಿಂದ ಅಷ್ಟೇ ವೇಗವಾಗಿ ಎದ್ದ. ಹದಿನೆಂಟು ವರ್ಷದ ಒಲೆ ಎಂಟು ಬಕೆಟ್ಟಿನಲ್ಲಿ ಆರಿಹೋಯಿತು ಅನ್ನಿಸಿತು. ಹೆಂಡತಿ ಮಾತ್ರ ಹಿಟ್ಟಿನ ಕೈಯಲ್ಲೇ ಬಂದು, ಹುರಿದ ದಿಂಡೊಂದನ್ನು ಎತ್ತಿ ಮುರಿದಳು. ಹಪ್ಪಳದಂತೆ ಪಟಕ್ಕನೆ ಮುರಿಯಿತು.

"ಒಳಗೆ ಒಣಗೇ ಇದೆ ನೋಡಿ. ಹುರಿದದ್ದು ನೀರೇ ಕುಡಿದಿಲ್ಲ. ಹಸೀದು ಕುಡಿದು ಉಬ್ಬಿಕೊಂಡಿದೆ."

ಸಹಿ ಹಾಕಿದ ಕೈಯಿಂದಲೇ ಅವಳು ಒಲೆಗೆ ದಿಂಡು ತುಂಬಿದಳು. ಉರಿ ಚುರುಕಾಗಿ ಹತ್ತಿತು. ಗಂಡ ಹೆಂಡತಿ ಬೀದಿಗಿಳಿದು ಕತ್ತೆತ್ತಿ ನೋಡಿದರು. ಚಿಮಣಿಯ ತುದಿಯಲ್ಲಿ ಬಿಸಿಗಾಳಿ ಮಾತ್ರ ನಡುಗುತ್ತಿತ್ತು. ಅದರಾಚೆ, ಇಷ್ಟು ವರ್ಷ ಅಲ್ಲೇ ಇದ್ದಿರಬಹುದಾದ ನೀಲಿ ಆಕಾಶ.

ಸರಿಯಾಗಿ ಐದಕ್ಕೆ ಬ್ರೆಡ್ಡು ಹೊರಬಂತು. ಗಿರಾಕಿ ಬರಲಿಲ್ಲ. ಐದೂವರೆ ಆಯಿತು, ಆರಾಯಿತು. ದಿನವೂ ಐದಕ್ಕೆ ನೂಕುನುಗ್ಗಲಾಗುತ್ತಿದ್ದ ಬಾಗಿಲಿಗೆ ಒಂದು ನೊಣವೂ ಹಾಯಲಿಲ್ಲ. ಬೀದಿ ತನ್ನ ಮೇಲಿನ ಸಿಟ್ಟನ್ನು ಬ್ರೆಡ್ಡಿನ ಮೇಲೆ ತೀರಿಸಿಕೊಳ್ಳುತ್ತಿದೆ ಎಂದುಕೊಂಡ ಹೊಗೆಯಣ್ಣ.

ಆರೂಕಾಲಿಗೆ ವಾಚ್ ರಿಪೇರಿ ಯಜಮಾನರು ಖಾಲಿ ಚೀಲ ಹಿಡಿದು ಇಣುಕಿದರು. "ಏನಪ್ಪಾ, ಇವತ್ತು ರಜಾನಾ?"

"ಬ್ರೆಡ್ಡು ಐದಕ್ಕೇ ರೆಡಿ ಇತ್ತಲ್ಲ ಯಜಮಾನ್ರೇ."

"ನಮಗೆ ಗೊತ್ತಾಗೋದು ಹೆಂಗೆ? ದಿನಾ ಬ್ರೆಡ್ಡು ತೆಗೆದು, ಬನ್ನು ಬೇಯಿಸೋಕೆ ಅಂತ ಮತ್ತೆ ದಿಂಡು ತುಂಬ್ತಿದ್ದೆ. ಹೊಗೆ ಏಳ್ತಿತ್ತು, ನಾವು ಚೀಲ ಹಿಡ್ಕೊಂಡು ಹೊರಡ್ತಿದ್ವಿ."

"ನಿಮ್ಮಂಗಡೀಲಿ ನಲವತ್ತು ಗಡಿಯಾರ ಇದೆ."

"ಎಲ್ಲಾ ರಿಪೇರಿಗೆ ಬಂದವು," ಎಂದರು ಯಜಮಾನರು ಗಂಭೀರವಾಗಿ.

ಕೊನೆಗೆ ಅವರೇ ತೀರ್ಪು ಕೊಟ್ಟರು: ಒಲೆ ಉಳಿಯಲಿ, ಹುರಿದ ದಿಂಡೇ ಉರಿಯಲಿ, ಬ್ರೆಡ್ಡು ತೆಗೆದಾಗ ಮಾತ್ರ ಹಸಿ ದಿಂಡು ಎರಡೇ ಎರಡು, ಬೀದಿಗೆ ಗೊತ್ತಾಗಲಿಕ್ಕೆ. ಹೊಗೆಯಣ್ಣ ಕುಣಿಯುವುದೊಂದು ಬಾಕಿ. ಟೈಲರಕ್ಕ ನೆನೆಸಿಟ್ಟಿದ್ದ ಎರಡನ್ನು ಆಗಲೇ ಒಲೆಗೆಸೆದ. ಚಿಮಣಿ ಭರ್ಜರಿಯಾಗಿ ಕೆಮ್ಮಿತು. ಮನೆಮನೆಯಿಂದ ಚೀಲಗಳು ಹೊರಬಿದ್ದವು. ಅರ್ಧ ಗಂಟೆಯಲ್ಲಿ ಕಪಾಟು ಖಾಲಿ.

ಬಾಗಿಲೆಳೆಯುವಾಗ ಯಜಮಾನರು ಮತ್ತೆ ಬಂದು ಕಾಗದವೊಂದನ್ನು ಕೈಗಿಟ್ಟರು. ಇದರಲ್ಲೂ ಒಂದೇ ಸಾಲು: "ಬೇಕರಿಯ ಹೊಗೆ ಇಂದು ಒಂದೂಕಾಲು ಗಂಟೆ ತಡವಾಗಿ ಬಂದಿರುತ್ತದೆ. ನಾಳೆಯೂ ಹೀಗಾದರೆ ಬೇಕರಿಯೇ ನಿಲ್ಲತಕ್ಕದ್ದು."

ಸಹಿ ಮೂವತ್ತೊಂದೇ. ಹೊಗೆಯಣ್ಣ ನೇರವಾಗಿ ಕೊನೆಯದನ್ನು ನೋಡಿದ. ಅದರ ಮೇಲೆ ಹಿಟ್ಟಿನ ಬೆರಳಚ್ಚು ಇನ್ನೂ ಹಸಿಯಾಗಿತ್ತು.