ಮೆಟ್ಟಿಲ ಬುಡದ ಸೀಸದ ಗುಂಡು

ದೇರಪ್ಪ ಅಂದು ಬೆಳಿಗ್ಗೆ ಮನೆಯ ಮೆಟ್ಟಿಲ ಪಕ್ಕ ಬಾಳೆ ನೆಡಲು ಹೋಗದಿದ್ದರೆ ಅವನ ಮಾನ ಉಳಿಯುತ್ತಿತ್ತು. ಹೋದ. ಗುದ್ದಲಿಗೆ ಸಣ್ಣ ನೆಲ್ಲಿಕಾಯಿಯಷ್ಟು ದಪ್ಪದ ಸೀಸದ ಗುಂಡೊಂದು ಸಿಕ್ಕಿತು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಮೂರ್ನಾಡಿನ ಆಚೆಯ ಆ ಊರಿನಲ್ಲಿ ಮರುದಿನ ಕೈಲ್ ಮುಹೂರ್ತ. ಕೋವಿಗಳಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಯಾರ ಮನೆಗೆ ಮೊದಲು ಕೋವಿ ಬಂದಿತ್ತೋ ಆ ಮನೆಯವನಿಗೆ ಮೊದಲ ಗುಂಡು. ಆ ಮರ್ಯಾದೆಗಾಗಿ ದೇರಪ್ಪನೂ ಗದ್ದೆಯಾಚೆಯ ದಿಬ್ಬದ ಬೆಳ್ಯಪ್ಪನೂ ಬಹಳ ವರ್ಷಗಳಿಂದ ಮುಖ ಊದಿಸಿಕೊಂಡಿದ್ದರು. ಇಬ್ಬರಿಗೂ ಸಾಕ್ಷಿ ಇರಲಿಲ್ಲ. ಹಾಗಾಗಿ ಊರಿನ ಮುಖ್ಯಸ್ಥರಾದ ತಕ್ಕ ಮೊಣ್ಣಪ್ಪಜ್ಜನೇ ಪ್ರತಿ ಸಲ ಮೊದಲು ಹೊಡೆದು, ಪ್ರತಿ ಸಲ ಗುರಿ ತಪ್ಪಿ, ನೆಮ್ಮದಿಯಿಂದ ಹೋಗಿ ಕೂರುತ್ತಿದ್ದರು.

"ಯಮುನಾ, ಇದ್ ನಮ್ಮ ಮುತ್ತಜ್ಜನ ಕೋವಿದ್!" ಎಂದು ಕೂಗಿ ದೇರಪ್ಪ ಊರವರನ್ನು ಕರೆಯಲು ಓಡಿದ. ಬರುವಷ್ಟರಲ್ಲಿ ಹೆಂಡತಿ ಬೂದಿ ಹಾಕಿ ಗುಂಡನ್ನು ಅರ್ಧ ಉಜ್ಜಿ ಆಗಿತ್ತು.

"ಎಂತ ಮಾಡ್ದೆ ನೀನ್!"

"ನಾಲ್ಕು ಜನ ನೋಡುವ ವಸ್ತು. ಕೊಳೆ ಉಂಟಲ್ಲ ಅಂತ ತೊಳ್ದೆ."

ಊರವರೊಡನೆ ಬಂದಿದ್ದ ಬೆಳ್ಯಪ್ಪ ಅದನ್ನು ಅಂಗೈಯಲ್ಲಿ ತೂಗಿ, "ಇದ್ ಮೀನಿನ ಬಲೆಗೆ ಕಟ್ಟುವ ಸೀಸ" ಎಂದ.

"ಬಲೆದಾದ್ರೆ ದಾರಕ್ಕೆ ತೂತು ಎಲ್ಲಿ?" ಎಂದ ದೇರಪ್ಪ.

"ಹಂಗಾರೆ ಹೋದ ವರ್ಷ ಹಂದಿಗೆ ಹೊಡ್ದದ್."

ತಕ್ಕರು ಊರ ಶಾಲೆಯ ಮೇಷ್ಟ್ರು, ಶನಿವಾರಸಂತೆ ಕಡೆಯ ಶಿವಶಂಕರಪ್ಪನವರಿಗೆ ಹೇಳಿಕಳಿಸಿದರು. ಅವರು ಬಂದು, ಉಜ್ಜದೆ ಉಳಿದ ಬದಿಯನ್ನು ಬಿಸಿಲಿಗೆ ಹಿಡಿದರು.

"ನೋಡ್ರಪ್ಪ, ಹೊಸ ಸೀಸ ಹೊಳೀತದೆ. ಇದ್ರ ಮೇಲೆ ಬಿಳೀ ಪೊರೆ ಕಟ್ಟೈತೆ, ಇಷ್ಟು ಕಟ್ಟೋಕೆ ತಲೆಮಾರುಗಳೇ ಬೇಕು. ಎರಕ ಹೊಯ್ದ ಅಚ್ಚಿನ ಗೆರೆನೂ ಐತೆ. ಇದು ಈಗಿನ ತೋಟಾದ್ದಲ್ಲ, ಬಾಯಿಂದ ಮದ್ದು ತುಂಬೋ ಕೋವಿದು. ರಾಜರ ಕಾಲದ್ದು ಅಂದ್ರೂ ತಪ್ಪಿಲ್ಲ."

"ರಾಜರ ಕಾಲದಲಿ ಈ ಊರಲಿ ಇದ್ದದ್ದೇ ನಿಮ್ಮ ಎರಡ್ ಮನೆ" ಎಂದರು ತಕ್ಕರು. ದೇರಪ್ಪನಿಗೆ ನೆಲವೇ ಕಾಣಲಿಲ್ಲ. ಬೆಳ್ಯಪ್ಪ ಎದ್ದು ಹೊರಡಲು ಚಪ್ಪಲಿ ಹುಡುಕಿದ.

ತಕ್ಕರು ಗುಂಡನ್ನು ತಿರುಗಿಸಿದರು. "ಈ ಬದಿ ಚಪ್ಪಟೆ ಎಂತಕೆ?"

"ಹಾರಿದ ಗುಂಡು ಅಜ್ಜಾರೆ. ಕಲ್ಲಿಗೆ ಬಡಿದೈತೆ" ಎಂದರು ಮೇಷ್ಟ್ರು.

"ಅದೇ ಅಜ್ಜ!" ದೇರಪ್ಪ ಕುಣಿಯುತ್ತಾ ಮೆಟ್ಟಿಲಿಗೆ ಹಾರಿದ. ಸಾಕ್ಷಿ ಎಷ್ಟಿದ್ದರೂ ಅವನಿಗೆ ಸಾಲದು. "ಇಲ್ಲಿ ಕಲ್ಲಿನ ಚಕ್ಕೆ ಎದ್ದ ಗುರ್ತ ಉಂಟು ನೋಡಿ!" ಎಂದು ಮೆಟ್ಟಿಲ ಮುಂಬದಿಯ ಗುಳಿಗೆ ಗುಂಡನ್ನು ಒತ್ತಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಎಲ್ಲರೂ ಆ ಗುಳಿಯನ್ನು ನೋಡಿದರು. ಆಮೇಲೆ ಅದು ಮುಖ ಮಾಡಿದ್ದ ಕಡೆಗೆ ತಿರುಗಿದರು. ಗದ್ದೆಯಾಚೆ ಬೆಳ್ಯಪ್ಪನ ಮನೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿತ್ತು.

ಯಮುನ ಮೆಲ್ಲಗೆ, "ಹಂಗಾರೆ ಗುಂಡು ಅವರ ಮನೆಂದ ಬಂತಾ?" ಎಂದಳು.

ತಕ್ಕರು ಗಂಟಲು ಸರಿಮಾಡಿಕೊಂಡರು. "ದೇರಪ್ಪ, ಗುಂಡು ಸಿಕ್ಕುದು ಹೊಡೆಸ್ಕೊಂಡವನ ಮನೆಲಿ. ಕೋವಿ ಇರುದು ಹೊಡೆದವನ ಮನೆಲಿ. ನಾಳೆ ಮೊದಲ ಗುಂಡು ಬೆಳ್ಯಪ್ಪಂದ್."

ಬೆಳ್ಯಪ್ಪ ಬಹಳ ವರ್ಷಗಳ ಮೇಲೆ ಮೊದಲ ಸಲ ನಕ್ಕು, ಪ್ರೀತಿಯಿಂದ ಕೈ ಚಾಚಿದ.

"ದೇರಪ್ಪಣ್ಣ, ಆ ಗುಂಡು ಇತ್ತ ಕೊಡಿ. ಅದ್ ನಮ್ಮ ಮನೆದಲ್ಲಾ?"