ಮಣಿಸಿದ್ಧನ ಮಾಟವೂ ನನ್ನ ಲಗ್ನವೂ

ಮುಖದ ಬಣ್ಣ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ. ನೋಡಿದವರ ಕಣ್ಣಿಗೆ ಹತ್ತಿದ ಬಣ್ಣಕ್ಕೆ ಯಾವ ಎಣ್ಣೆಯೂ ಇಲ್ಲ. ಹೀಗಾಗಿ ನಾಟಕ ಕಂಪನಿಯವನ ಬಾಳಿನಲ್ಲಿ ಫಜೀತಿಗಳಿಗೆ ಬರವೆಂಬುದೇ ಇಲ್ಲ. ದೇವರ ಪಾತ್ರ ಮಾಡಿದವನು ಮರುದಿನ ಬಜಾರದಲ್ಲಿ ಬೀಡಿ ಸೇದುವಂತಿಲ್ಲ, ರಾಕ್ಷಸನ ಪಾತ್ರ ಮಾಡಿದವನಿಗೆ ಚಹಾ ಕೊಡುವಾಗ ಹೋಟೆಲಿನವನು ಎರಡು ಹೆಜ್ಜೆ ದೂರ ನಿಂತು ಕೊಡುತ್ತಾನೆ. ನನ್ನ ಪಾಲಿಗೆ ಬಂದದ್ದು ಎರಡರ ನಡುವಿನ ಪಾತ್ರ. ಅದಕ್ಕೇ ನನ್ನ ಫಜೀತಿಯೂ ಎರಡು ಪಟ್ಟು.

ಐವತ್ತರ ದಶಕದ ಮಾತು. ನಮ್ಮದು ಸಣ್ಣ ಕಂಪನಿ. ತಗಡಿನ ಥಿಯೇಟರನ್ನು ಬಿಚ್ಚಿ ಚಕ್ಕಡಿಯಲ್ಲಿ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದೆವು. ಆ ವರ್ಷ ಮಾಲಕರು ‘ಮಣಿಸಿದ್ಧ’ ಎಂಬ ನಾಟಕವನ್ನು ಮೂರು ಭಾಗ ಮಾಡಿ ಬರೆದರು. ರೋಣದಲ್ಲಿ ಮೊದಲನೆಯದು, ನರಗುಂದದಲ್ಲಿ ಎರಡನೆಯದು, ಗಜೇಂದ್ರಗಡದಲ್ಲಿ ಕೊನೆಯದು. ಮಣಿಸಿದ್ಧನೆಂದರೆ ಗಂಧರ್ವನ ಮಗ. ಕೊರಳಲ್ಲಿ ಒಂದು ಮಣಿ. ಅದನ್ನು ಮುಟ್ಟಿ ಮೈದಡವಿದರೆ ಸತ್ತವರು ಎದ್ದು ಕೂಡುತ್ತಾರೆ. ಮಣಿಸಿದ್ಧ ನಾನು.

೧. ಸತ್ತವರಿಗಿಂತ ಕಷ್ಟದ ಎಮ್ಮೆ

ರೋಣದಲ್ಲಿ ಮೊದಲನೆಯ ಆಟವಾದ ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಕೂತಿದ್ದೆ. ಒಬ್ಬ ಮುದುಕಿ ಎಮ್ಮೆ ಹೊಡೆದುಕೊಂಡು ನೇರ ಬಿಡಾರಕ್ಕೆ ಬಂದಳು. ಕರು ಹಾಕಿ ವಾರವಾಗಿದೆ, ಎಮ್ಮೆ ಹಾಲು ಬಿಡುತ್ತಿಲ್ಲ, ಒಂದು ಸಲ ಮೈದಡವಬೇಕು ಅಂದಳು.

ನಾನು ನಾಟಕದವನು, ಅದೆಲ್ಲ ಸುಳ್ಳು ಎಂದು ಕೈ ಮುಗಿದು ಹೇಳಿದೆ. ಆಕೆ ಕೇಳಲಿಲ್ಲ.

“ನಿನ್ನಿ ಸತ್ತ ರಾಜಕುಮಾರನ್ನ ಎಬ್ಬಿಸಿದೆಲ್ಲೋ ಯಪ್ಪಾ. ನನ್ನ ಎಮ್ಮಿ ಏನ್ ಸತ್ತಿಲ್ಲ.”

ಹಾಳಾಗಿ ಹೋಗಲಿ, ಮುಟ್ಟಿದರೆ ಏನು ಗಂಟು ಹೋಗುತ್ತದೆ ಎಂದು ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟೆ. ಅದು ಹಿಂಗಾಲಿನಿಂದ ಒದ್ದ ಒದೆತಕ್ಕೆ ನಾನು ಹಲ್ಲುಜ್ಜುವ ತಂಬಿಗೆಯ ಸಮೇತ ಅಂಗಾತ ಬಿದ್ದೆ. ಇನ್ನಾದರೂ ಮುದುಕಿಗೆ ನಂಬಿಕೆ ಹೋಗಬಹುದೆಂದು ಸಮಾಧಾನ ಮಾಡಿಕೊಂಡೆ.

ಮುದುಕಿ ನನ್ನನ್ನು ಎಬ್ಬಿಸಿ, ಬೆನ್ನಿನ ಧೂಳು ಝಾಡಿಸಿ, ತಪ್ಪು ತನ್ನದೇ ಅಂದಳು.

“ಬಣ್ಣ ಹಚ್ಚಿಲ್ಲಲ್ಲ, ಅದಕ್ಕ ಶಕ್ತಿ ಬಂದಿಲ್ಲ. ಸಂಜಿಕ ಬಣ್ಣ ಹಚ್ಚಿದ ಮ್ಯಾಲ ಹೊಡಕೊಂಡ ಬರ್ತೀನಿ, ಅಲ್ಲಿತನಾ ಎಲ್ಲೂ ಹೋಗಬ್ಯಾಡ.”

೨. ಕನ್ಯಾ ನೋಡಿದ್ದು

ಆಗ ನನಗೆ ಇಪ್ಪತ್ತೆಂಟು. ಕಂಪನಿಯವರಿಗೆ ಚಪ್ಪಾಳೆ ಕೊಡುವವರು ಬೇಕಾದಷ್ಟು ಜನ, ಹೆಣ್ಣು ಕೊಡುವವರು ಯಾರೂ ಇಲ್ಲ. ಇಂದು ಈ ಊರು, ನಾಳೆ ಆ ಊರು, ಅದರ ಮೇಲೆ ಮೀಸೆ ಬೋಳಿಸುವ ಉದ್ಯೋಗ. ಏಳು ಕಡೆ ಕೇಳಿ ಏಳೂ ಕಡೆ ಇಲ್ಲವೆನಿಸಿಕೊಂಡಿದ್ದೆ.

ಆದರೆ ಜಕ್ಕಲಿಯ ಒಬ್ಬ ಹಿರಿಯ ಒಕ್ಕಲಿಗರು ರೋಣಕ್ಕೆ ಬಂದು ಮಣಿಸಿದ್ಧನನ್ನು ಮೂರು ಸಲ ನೋಡಿದರು, ಮೂರನೆಯ ಸಲ ಮನೆಮಂದಿಯನ್ನೂ ಕರೆತಂದು. ನಾಲ್ಕನೆಯ ದಿನ ಹಾರ್ಮೋನಿಯಂ ಬಾರಿಸುವ ನಮ್ಮ ಪೇಟಿ ಮಾಸ್ತರರನ್ನು ಹಿಡಿದು ತಾವಾಗಿಯೇ ಮಾತು ತೆಗೆದರು. ಕಂಪನಿಯವನಿಗೆ ಯಾಕೆ ಕೊಡುತ್ತೀರಿ ಎಂದು ಅವರ ಮನೆಯವರು ಕೇಳಿದ್ದಕ್ಕೆ ಅವರ ಉತ್ತರ ಇದಂತೆ: ಸತ್ತ ಪರರನ್ನೇ ಎಬ್ಬಿಸಿ ಕೂಡಿಸುವವನು ಬದುಕಿದ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುವುದಿಲ್ಲವೇ?

ಸುಳ್ಳಾದರೂ ಆಗಲಿ, ಚಲೋ ಸುಳ್ಳು ಎಂದು ನಾನು ಬಾಯಿ ಮುಚ್ಚಿಕೊಂಡೆ. ಮಾಸ್ತರರ ಜೊತೆ ಜಕ್ಕಲಿಗೆ ಹೋದೆ. ಹಿರಿಯರಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳ ಲಗ್ನವಾಗಿತ್ತು, ತೋರಿಸಿದ್ದು ನಡುವಿನವಳನ್ನು. ಪಡಸಾಲೆಯ ತುಂಬ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ಬಂದು ಅವಲಕ್ಕಿ ಕೊಟ್ಟಳು. ಹುಡುಗನಿಗೆ ಏನಾದರೂ ಕೇಳುವುದಿದ್ದರೆ ಕೇಳು ಎಂದು ಮಾಸ್ತರರು ಔದಾರ್ಯ ತೋರಿಸಿದರು.

“ನಾಟಕದಾಗ ಇತ್ತಲ್ರಿ, ಆ ಗಡ್ಡ ಖರೇದೋ ಸುಳ್ಳೋ?”

ಸುಳ್ಳು ಅಂದೆ. ಹಂಗಾದ್ರ ಅಡ್ಡಿಯಿಲ್ಲ ಎಂದು ಒಳಗೆ ಹೋದಳು. ಮೂರು ಊರುಗಳಲ್ಲಿ ನನ್ನನ್ನು ನನ್ನ ಗಡ್ಡದಿಂದ ಬೇರೆ ಮಾಡಿ ನೋಡಿದವಳು ಅವಳೊಬ್ಬಳೇ. ಬಿಡಾರಕ್ಕೆ ಮರಳುವಷ್ಟರಲ್ಲಿ, ಲಗ್ನವಾದರೆ ಇವಳನ್ನೇ ಆಗಬೇಕು ಎಂದು ಮನಸ್ಸು ಹಟ ಹಿಡಿದಿತ್ತು. ಹಿರಿಯರು ಒಪ್ಪಿದರು. ಕಂಪನಿ ಗಜೇಂದ್ರಗಡಕ್ಕೆ ಬಂದ ಮೇಲೆ ಅಕ್ಷತೆ ಎಂದು ಮಾತಾಯಿತು. ಅವಲಕ್ಕಿಯಲ್ಲಿ ಉಪ್ಪು ಹೆಚ್ಚಾಗಿತ್ತಲ್ಲ ಎಂದು ಮಾಸ್ತರರು ದಾರಿಯಲ್ಲಿ ಕೇಳಿದರು. ನಾನು ಅವಲಕ್ಕಿ ತಿಂದದ್ದೇ ನನಗೆ ನೆನಪಿರಲಿಲ್ಲ.

೩. ನರಗುಂದದ ಕ್ಷೌರ

ಎರಡನೆಯ ಭಾಗದಲ್ಲಿ ರಾಜನು ಮಣಿಸಿದ್ಧನ ತಮ್ಮನನ್ನು ಕೊಲ್ಲಿಸಿ ಕೊರಳ ಮಣಿಯನ್ನು ಒಡೆಸುತ್ತಾನೆ. ಆಗ ಒಬ್ಬ ಮಾಟಗಾತಿ ಬಂದು ಕರಿ ಹೊತ್ತಿಗೆಯೊಂದನ್ನು ಮುಂದಿಡುತ್ತಾಳೆ. ಅದನ್ನು ತೆರೆದರೆ ರಾಜನ ವಂಶವನ್ನೇ ಮಾಟದಿಂದ ಸುಡಬಹುದು. ಆದರೆ ತೆರೆದು ಮಾಟ ಮಾಡಿದವನು ಮತ್ತೆಂದೂ ಒಳ್ಳೆಯವನಾಗುವುದಿಲ್ಲ. ಮಣಿಸಿದ್ಧನ ಕೈ ಹೊತ್ತಿಗೆಯ ಕಡೆ ಹೋಗುತ್ತದೆ, ಪರದೆ ಬೀಳುತ್ತದೆ. ತೆರೆಯುತ್ತಾನೋ ಇಲ್ಲವೋ ಎಂಬುದು ಗಜೇಂದ್ರಗಡದಲ್ಲಿ.

ಮರುದಿನ ನಾನು ಕ್ಷೌರಕ್ಕೆ ಹೋದೆ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ನಾನು ಹೊಸ್ತಿಲು ದಾಟಿದ್ದೇ ಎಲ್ಲರೂ ತಮ್ಮ ತಮ್ಮ ಕಾಲಬುಡ ನೋಡಿಕೊಂಡರು. ಆಮೇಲೆ ಒಬ್ಬ ಕೆಳಗೆ ಬಗ್ಗಿ, ಆಗಷ್ಟೇ ಕತ್ತರಿಸಿ ಬಿದ್ದಿದ್ದ ತನ್ನ ಕೂದಲನ್ನು ಆರಿಸತೊಡಗಿದ. ಅವನನ್ನು ನೋಡಿ ಇನ್ನಿಬ್ಬರೂ ಬಗ್ಗಿದರು. ಮಾಟಕ್ಕೆ ಕೂದಲು ಬೇಕು, ಉಗುರು ಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ಯಾವುದು ಯಾರದು ಎಂಬ ಬಗ್ಗೆ ಸ್ವಲ್ಪ ವಾದವೂ ನಡೆಯಿತು. ಕಡೆಗೆ ಬಿಳಿ ಕೂದಲೆಲ್ಲ ಹಿರಿಯನಿಗೆ, ಕರಿದು ಇಬ್ಬರಿಗೂ ಸಮಪಾಲು ಎಂದು ತೀರ್ಮಾನವಾಗಿ ಮೂವರೂ ರುಮಾಲಿನಲ್ಲಿ ಕಟ್ಟಿಕೊಂಡು ಹೊರಟರು. ನಾಲ್ಕನೆಯವನು ಬೋಳುತಲೆಯವನು. ಅವನೊಬ್ಬ ಮಾತ್ರ ಧೈರ್ಯವಾಗಿ ಕೂತಿದ್ದ.

ಕ್ಷೌರಿಕ ಒಳ್ಳೆಯವನು. ಹಿಂಜರಿಯದೆ ನನ್ನ ಕ್ಷೌರ ಮುಗಿಸಿದ. ಮುಗಿದ ಮೇಲೆ ನನ್ನ ಕೂದಲನ್ನು ತಾನೇ ಗುಡಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ಕೈಗೆ ಕೊಟ್ಟ.

“ಒಯ್ಯಿರಿ. ನಿಮ್ಮ ಉದ್ಯೋಗದಾಗ ನಿಮಗೂ ವೈರಿಗಳು ಇರ್ತಾರ.”

೪. ನಿಮ್ಮ ಮನಸ್ಸು ನಿಮಗ ಗೊತ್ತಿಲ್ಲೇನು?

ನಗುವುದು ಅಲ್ಲಿಗೆ ಮುಗಿಯಿತು. ಎರಡು ದಿನ ಬಿಟ್ಟು ಜಕ್ಕಲಿಯ ಹಿರಿಯರು ಬಸ್ಸು ಹತ್ತಿ ನರಗುಂದಕ್ಕೆ ಬಂದರು, ಎರಡನೆಯ ಭಾಗ ನೋಡಿದರು, ಬೆಳಿಗ್ಗೆ ಬಿಡಾರಕ್ಕೆ ಬಂದು ನನ್ನ ಎದುರು ಕೂತರು. ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ. ಕೊಟ್ಟ ಚಹಾ ಆರಿತು, ಅವರು ಕುಡಿಯಲಿಲ್ಲ.

“ಸುತ್ತಿಬಳಸಿ ಮಾತು ಬ್ಯಾಡ,” ಅಂದರು. “ಆ ಹೊತ್ತಿಗಿ ನೀವು ತೆಗೀತೀರೋ, ಇಲ್ಲೋ?”

ನನಗೆ ಗೊತ್ತಿಲ್ಲ, ಮಾಲಕರು ಮುಂದಿನ ಭಾಗವನ್ನು ಯಾರಿಗೂ ತೋರಿಸಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಅವರು ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿದರು.

“ನಿಮ್ಮ ಮನಸ್ಸು ನಿಮಗ ಗೊತ್ತಿಲ್ಲೇನ್ರಿ?”

ಪಾತ್ರ ಬೇರೆ, ನಾನು ಬೇರೆ ಎಂದು ತಿಳಿಸಿ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪೇಟಿ ಮಾಸ್ತರರು ನನ್ನ ತೊಡೆ ಚಿವುಟಿದರು. ಚಿವುಟಿದ್ದು ಸರಿಯೇ. ಪಾತ್ರ ಬೇರೆ, ನಾನು ಬೇರೆ ಅಂದರೆ ಸತ್ತವರನ್ನು ಎಬ್ಬಿಸಿದವನೂ ನಾನಲ್ಲ ಎಂದಾಗುತ್ತದೆ. ಅವರು ಮಗಳನ್ನು ಕೊಡಲು ಒಪ್ಪಿದ್ದು ಅವನಿಗೆ, ನನಗಲ್ಲ. ಮಣಿಸಿದ್ಧನನ್ನು ಬಿಟ್ಟರೂ ಲಗ್ನವಿಲ್ಲ, ಮಣಿಸಿದ್ಧ ಕೆಟ್ಟರೂ ಲಗ್ನವಿಲ್ಲ.

ಮಾಟ ಮಾಡುವವನಿಗೆ ಹೆಣ್ಣು ಕೊಟ್ಟು ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ, ಗಜೇಂದ್ರಗಡದಲ್ಲಿ ಕಣ್ಣಾರೆ ನೋಡಿ ಮುಂದಿನ ಮಾತು ಎಂದು ಹಿರಿಯರು ಎದ್ದರು. ಬಾಗಿಲಲ್ಲಿ ತಿರುಗಿ ನಿಂತು, ಮೆತ್ತಗೆ, ಮಗನಿಗೆ ಹೇಳುವಂತೆ ಹೇಳಿದರು.

“ಸಿಟ್ಟು ಎಲ್ಲಾರಿಗೂ ಬರತೈತ್ರಿ. ತಮ್ಮ ಸತ್ತಾನ, ಖರೆ. ಆದ್ರೂ ನೀವು ಸ್ವಲ್ಪ ತಡಕೋರಿ.”

೫. ಎರಡು ಅಂಗಿ

ನರಗುಂದದ ಸುದ್ದಿ ನಮಗಿಂತ ಮೊದಲೇ ಮುಟ್ಟಿ ಗಜೇಂದ್ರಗಡದಲ್ಲಿ ಊರಿಗೆ ಊರೇ ಎರಡಾಗಿತ್ತು. ನೇಕಾರರ ಓಣಿಯಲ್ಲಿ ಮಗ್ಗ ನಿಲ್ಲಿಸಿ ವಾದ. ತಮ್ಮನನ್ನು ಕೊಂದವನನ್ನು ಸುಡದೆ ಬಿಡುವವನು ಗಂಡಸೇ ಎಂದು ಕೆಲವರು, ಒಳ್ಳೆಯವನು ಕೆಟ್ಟರೆ ಲೋಕಕ್ಕೆ ಗತಿ ಯಾರು ಎಂದು ಉಳಿದವರು. ನಾನು ದಾರಿಯಲ್ಲಿ ಸಿಕ್ಕರೆ ಎರಡೂ ಕಡೆಯವರು ಬುದ್ಧಿ ಹೇಳುತ್ತಿದ್ದರು.

ಮಾಲಕರು ಬಾಯಿ ಬಿಡಲಿಲ್ಲ. ಅವರು ಎರಡೂ ಬಗೆಯ ಕೊನೆ ಬರೆದಿಟ್ಟುಕೊಂಡು ಎರಡನ್ನೂ ನನ್ನಿಂದ ಬಾಯಿಪಾಠ ಮಾಡಿಸಿದ್ದರು. ಎರಡು ಅಂಗಿ ಹೊಲಿಯಲು ಅಲ್ಲಿಯ ಟೇಲರ್ ಸಾಹೇಬರಿಗೆ ಕೊಟ್ಟಿದ್ದರು: ಮಣಿಸಿದ್ಧ ಒಳ್ಳೆಯವನಾಗಿ ಉಳಿದರೆ ಕಾವಿ, ಕೆಟ್ಟರೆ ಕರಿ. ಸಾಹೇಬರು ರೋಣಕ್ಕೂ ನರಗುಂದಕ್ಕೂ ಬಂದು ನಾಟಕ ನೋಡಿದ್ದ ರಸಿಕರು. ಯಾವ ಅಂಗಿ ಎಂಬುದು ಆಟದ ದಿನವೇ ಗೊತ್ತಾಗಬೇಕು.

ಹೆಣ್ಣುಮಕ್ಕಳಿಗೂ ಅನುಕೂಲವಾಗಲೆಂದು ಮೊದಲ ಆಟವನ್ನೇ ರವಿವಾರ ಹಗಲು ಇಟ್ಟಿದ್ದರು. ಹಿರಿಯರು ಮನೆಮಂದಿಯನ್ನೆಲ್ಲ ಚಕ್ಕಡಿಯಲ್ಲಿ ಕರೆತಂದಿದ್ದರು. ಪರದೆಯ ಸಂದಿಯಿಂದ ನೋಡಿದೆ: ಅವರು ಮುಂದಿನ ಸಾಲಿನಲ್ಲಿ, ಹೆಣ್ಣುಮಕ್ಕಳ ಕಡೆ ಅವಳು. ಅಷ್ಟರಲ್ಲಿ ಮಾಲಕರು ಬಂದು ‘ಕರಿ ಅಂಗಿ’ ಅಂದರು. ನಾನು ಅವರ ಕಾಲು ಹಿಡಿದೆ. ನನ್ನ ಲಗ್ನ ನಿಲ್ಲುತ್ತದೆ ಎಂದು ಅತ್ತೆ.

“ನಿನ್ನ ಲಗ್ನಕ್ಕ ಎಷ್ಟು ಮಂದಿ ಬರ್ತಾರಪಾ, ನೂರು? ಹೊರಗ ನೋಡು, ಸಾವಿರ ಮಂದಿ ಬಂದಾರ.”

ಹೇಳಿದ ಪಾತ್ರ ಮಾಡದಿದ್ದರೆ ಆ ಸಂಜೆಯೇ ಗಂಟು ಕಟ್ಟಬೇಕಿತ್ತು. ಅನ್ನವಿಲ್ಲದವನಿಗೂ ಯಾರು ಹೆಣ್ಣು ಕೊಡುತ್ತಾರೆ? ಅತ್ತ ದರಿ ಇತ್ತ ಪುಲಿ. ಅಳುತ್ತಲೇ ಕರಿ ಅಂಗಿ ತೊಟ್ಟೆ. ಕಂಕುಳಲ್ಲಿ ಎಷ್ಟು ಬಿಗಿಯಾಗಿತ್ತೆಂದರೆ ಕೈ ಎದೆಗಿಂತ ಮೇಲೆ ಏಳಲಿಲ್ಲ. ಕಾವಿ ಅಂಗಿ ನೋಡಿದರೆ ಚೀಲದಷ್ಟು ಸಡಿಲ. ಅಳತೆ ತಪ್ಪಿದೆಯಲ್ಲ ಎಂದು, ಅಂಗಿ ತೊಡಿಸಲು ಬಂದಿದ್ದ ಸಾಹೇಬರನ್ನು ಕೇಳಿದೆ. ಅವರು ಅತ್ತಿತ್ತ ನೋಡಿ ಸಣ್ಣ ದನಿಯಲ್ಲಿ ಹೇಳಿದರು.

“ಅಳತಿ ತಪ್ಪಿಲ್ರಿ. ಒಳ್ಳೆ ಮನಶ್ಯಾ ಕೆಟ್ಟ ಕೆಲಸಕ್ಕ ಕೈ ಎತ್ತೂದು ನನ್ನ ಹೊಲಿಗ್ಯಾಗ ಆಗೂದಿಲ್ಲ.”

೬. ಆಹೇರು

ಹೊತ್ತಿಗೆ ತೆರೆದೆ. ಮುಂದಿನ ಸಾಲಿನಲ್ಲಿ ಹಿರಿಯರು ಕಣ್ಣು ಮುಚ್ಚಿಕೊಂಡರು. ಇನ್ನು ಮಂತ್ರಿಸಿದ ಲಿಂಬೆಹಣ್ಣನ್ನು ತಲೆಯ ಮೇಲಕ್ಕೆ ಎತ್ತಿ ನೆಲಕ್ಕೆ ಅಪ್ಪಳಿಸಬೇಕು. ಅಲ್ಲಿಗೆ ಮಣಿಸಿದ್ಧ ಮಾಟಗಾರ, ನಾನು ಬ್ರಹ್ಮಚಾರಿ. ಬಲಗೈ ಎತ್ತಿದೆ. ಎದೆಯ ತನಕ ಬಂದು ನಿಂತಿತು. ಜಗ್ಗಿದೆ, ಏಳಲಿಲ್ಲ. ಹಣ್ಣನ್ನು ಎಡಗೈಗೆ ತೆಗೆದುಕೊಂಡೆ, ಅದೂ ಏಳಲಿಲ್ಲ. ಮೈಯೆಲ್ಲ ಬೆವರು, ಕಣ್ಣಲ್ಲಿ ಮೊದಲೇ ನೀರು. ಥಿಯೇಟರಿನ ಹಿಂಬದಿಯ ಚಾಪೆಯ ಮೇಲಿದ್ದ ಯಾರೋ ಒಬ್ಬರು ಮೆಲ್ಲಗೆ ಅಂದದ್ದು ನನಗೂ ಕೇಳಿಸಿತು.

“ಕೈ ಏಳವಲ್ದು. ದೈವ ಹಿಡದೈತಿ.”

ಪೇಟಿ ಮಾಸ್ತರರು ಜಾಣರು. ಆ ಕ್ಷಣವೇ ಭಜನೆಯ ಧಾಟಿ ಹಿಡಿದರು. ಹಿರಿಯರು ಕಣ್ಣು ಬಿಟ್ಟು ಎದ್ದು ನಿಂತು ಕೈ ಮುಗಿದರು. ಅವರ ಹಿಂದೆ ಸಾಲಿಗೆ ಸಾಲೇ ಎದ್ದಿತು. ಮುಳುಗುವವನಿಗೆ ಇಷ್ಟು ಸಾಕು. ಲಿಂಬೆಹಣ್ಣು ಕೈಬಿಟ್ಟು, ಹೊತ್ತಿಗೆ ಮುಚ್ಚಿ, ಕಾವಿ ಅಂಗಿಯ ಮಾತುಗಳನ್ನೆಲ್ಲ ಕರಿ ಅಂಗಿಯಲ್ಲೇ ಆಡಿದೆ. ರಂಗದ ಪಕ್ಕದ ವಿಂಗಿನಲ್ಲಿ ಮರೆಯಾಗಿ ನಿಂತು ಹಲ್ಲು ಕಡಿಯುತ್ತಿದ್ದ ಮಾಲಕರು, ಚಪ್ಪಾಳೆಯ ಅಬ್ಬರ ಕೇಳಿ, ಎಲ್ಲ ತಾವೇ ಬರೆದವರಂತೆ ಮೀಸೆ ತಿರುವಿದರು.

ಅಷ್ಟಕ್ಕೇ ಬಿಡುವ ಜನವೇ? ‘ಒನ್ಸ್ ಮೋರ್’ ಎಂದು ಹಿಡಿದರು. ಮತ್ತೆ ಹೊತ್ತಿಗೆ ತೆರೆದೆ, ಮತ್ತೆ ಕೈ ಎತ್ತಿದೆ. ಈ ಸಲ ಕಂಕುಳಲ್ಲಿ ‘ಪರ್’ ಎಂದಿತು. ಹೊಲಿಗೆ ಬಿಟ್ಟು ಕೈ ಸರಾಗವಾಗಿ ಮೇಲೇಳತೊಡಗಿತು. ಮೊದಲ ಸಲ ಅಂಗಿ ನನ್ನ ಕೈ ಹಿಡಿದಿತ್ತು, ಎರಡನೆಯ ಸಲ ಆ ಕೈಯನ್ನು ನಾನೇ ಹಿಡಿದೆ. ನನ್ನ ಜನ್ಮದಲ್ಲಿ ಅಭಿನಯ ಅಂತ ಮಾಡಿದ್ದು ಆ ಒಂದು ಗಳಿಗೆಯೇ.

ಪಾತ್ರ ಮನಸ್ಸಿಗೆ ಬಂದರೆ ಜನ ಉಡುಗೊರೆಯ ಜೊತೆ ಚೀಟಿ ಬರೆದು ಕಳಿಸುವುದು, ಮ್ಯಾನೇಜರರು ಆಟ ನಿಲ್ಲಿಸಿ ಅದನ್ನು ಓದುವುದು ಕಂಪನಿಯ ಪದ್ಧತಿ. ಅದಕ್ಕೆ ಆಹೇರು ಎನ್ನುತ್ತೇವೆ. ಮುಂದಿನ ಸಾಲಿನಿಂದ ಒಂದು ಚೀಟಿ ಬಂತು. ಮ್ಯಾನೇಜರರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

“ಜಕ್ಕಲಿಯ ಹಿರಿಯರಿಂದ ಮಣಿಸಿದ್ಧ ಪಾತ್ರಧಾರಿಗೆ ಆಹೇರು: ಒಂದು ತೆಂಗಿನಕಾಯಿ, ಒಂದು ರುಮಾಲು,” ಚೀಟಿಯ ಹಿಂಬದಿ ತಿರುವಿದರು, “ಹಾಗೂ ನಡುವಿನ ಮಗಳು.”

ಥಿಯೇಟರಿನ ತಗಡು ಹಾರಿಹೋಗುವಷ್ಟು ನಗೆ. ಹೆಣ್ಣುಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಹೆಗಲು ಅಲುಗುತ್ತಿದ್ದವು. ಪಾಪ, ನಾಚಿಕೆಗೆ ಅಳುತ್ತಿದ್ದಾಳೆ ಎಂದುಕೊಂಡೆ.

ಲಗ್ನವಾಯಿತು. ಕೈ ಏಳದ ಕೊನೆಯನ್ನೇ ಮಾಲಕರು ಕಾಯಂ ಮಾಡಿದರು. ಆದರೆ ಹರಿದಲ್ಲಿ ಹೊಲಿಸಿದ್ದ ಅಂಗಿ ಆಡಿ ಆಡಿ ಮತ್ತೆ ಸಡಿಲಾಗತೊಡಗಿತು. ಒಂದು ದಿನ, ಇದನ್ನು ಸ್ವಲ್ಪ ಹೊಲಿದು ಕೊಡು ಎಂದು ಹೆಂಡತಿಯ ಮುಂದೆ ಹಾಕಿದೆ. ಅವಳು ಎಲ್ಲಿ ಎಂದು ಕೇಳಲಿಲ್ಲ. ಸೂಜಿಗೆ ದಾರ ಪೋಣಿಸಿ ನೇರ ಕಂಕುಳಿಗೆ ಕೈ ಹಾಕಿದಳು.

ನಿನಗೆ ಹೇಗೆ ಗೊತ್ತು ಎಂದೆ. ಗಜೇಂದ್ರಗಡದಲ್ಲಿ ನೀವು ಮೊದಲ ಸಲ ಕೈ ಎತ್ತಿದಾಗಲೇ ಕಂಕುಳಲ್ಲಿ ಅಂಗಿ ಜಗ್ಗಿದ್ದು ಕಂಡಿತ್ತು, ನಗು ತಡೆಯಲಾಗದೆ ಸೆರಗು ಮುಚ್ಚಿಕೊಂಡೆ ಅಂದಳು. ಹಾಗಾದರೆ ನಿಮ್ಮ ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ದಾರವನ್ನು ಹಲ್ಲಿನಿಂದ ಕಡಿದು, ಅಂಗಿ ಮಡಚಿ ನನ್ನ ಕೈಗೆ ಕೊಟ್ಟಳು.

“ಹೇಳಿದ್ರ, ಇವತ್ತ ಇದನ್ನ ಹೊಲೀಲಿಕ್ಕೆ ಯಾರ ಮುಂದ ಹಾಕ್ತಿದ್ರಿ?”